ಕನ್ನಡದ ಕಡೆಯಿಂದ ಅರಬ್ಬಿಗೆ



ಅರಬ್ಬಿ ವ್ಯಾಕರಣದ ಮೊದಲ ಮಹಾಗ್ರಂಥ ಬರೆದ ಸೀಬವೈಹಿ ಪಾರಸಿ ಮೂಲದವನು. ಇರಾನಿನ ಕಡೆಯಿಂದ ಬಸ್ರಾಕ್ಕೆ ಓದಲು ಬಂದು, ಖಲೀಲ್ ಇಬ್ನ್ ಅಹ್ಮದ್ ಎಂಬ ಗುರುವಿನ ಬಳಿ ಕಲಿತು, ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ಗ್ರಂಥವನ್ನು ಕಟ್ಟಿದ. ಓದಿದವರು ಅದನ್ನು 'ಅಲ್-ಕಿತಾಬ್', ಅಂದರೆ ಪುಸ್ತಕ ಎಂದಷ್ಟೇ ಕರೆದರು. ಕುರಾನಿನ ವಾಕ್ಯಗಳು, ಬೆದೂಯಿನರ ಆಡುಮಾತು, ಹಳೆಯ ಕವಿಗಳ ಸಾವಿರಕ್ಕೂ ಹೆಚ್ಚು ಸಾಲುಗಳು ಅದರಲ್ಲಿ ಸಾಕ್ಷಿಯಾಗಿ ಬಂದಿವೆ. ಮನೆಮಾತಿನವರು ಯೋಚಿಸದೆ ಆಡಿಬಿಡುವುದನ್ನು 'ಇದು ಹೀಗೇಕೆ?' ಎಂದು ಕೇಳುವ ಅಗತ್ಯ ಹೊರಗಿನಿಂದ ಬಂದವನಿಗೇ ಹೆಚ್ಚು. ಕನ್ನಡದ ಮಕ್ಕಳೂ ಅರಬ್ಬಿಯನ್ನು ಕನ್ನಡದ ಕಡೆಯಿಂದ ಹೀಗೆ ಪ್ರಶ್ನಿಸುವಂತಾಗಬೇಕು ಎಂಬುದು ಅರಬ್ಬಿ ಕಲಿಸುವವರ, ಕಲಿಯುವವರ ಈ ಸಂಕಿರಣದ ಬಗ್ಗೆ ನನಗಿರುವ ಆಶಯ.

ನಮ್ಮಲ್ಲಿ ಅರಬ್ಬಿ ಹೆಚ್ಚಾಗಿ ಉರ್ದು, ಮಲಯಾಳ ಇಲ್ಲವೇ ಇಂಗ್ಲಿಷಿನ ಮೂಲಕ ಬರುತ್ತದೆ. ಆ ದಾರಿಯಲ್ಲಿ ನಾವು ಕಳೆದುಕೊಳ್ಳುವುದು ಸಣ್ಣದಲ್ಲ. 'ಅವನು ವೈದ್ಯ' ಎನ್ನಲು ಅರಬ್ಬಿಯಲ್ಲಿ 'ಹುವ ತಬೀಬುನ್' ಎಂದರೆ ಸಾಕು. ಎರಡರಲ್ಲೂ ಕ್ರಿಯಾಪದ ಇಲ್ಲ. ಇಂಗ್ಲಿಷಿನ ಮೂಲಕ ಕಲಿಯುವವನು ನಡುವೆ ಇಲ್ಲದ ಪದವೊಂದನ್ನು ಹುಡುಕುತ್ತಾನೆ; ಕನ್ನಡಿಗನಿಗೆ ಆ ಕಷ್ಟವೇ ಇಲ್ಲ. ಅದನ್ನೇ ಭೂತಕಾಲಕ್ಕೆ ತಂದರೆ 'ಕಾನ ತಬೀಬನ್' ಆಗುತ್ತದೆ. 'ಕಾನ' ಬಂದೊಡನೆ ನಾಮಪದದ ಕೊನೆ ಏಕೆ ಬದಲಾಯಿತು ಎಂದು ಗೊಂದಲಗೊಳ್ಳುವ ವಿದ್ಯಾರ್ಥಿಗೆ 'ಅವನು ವೈದ್ಯನಾಗಿದ್ದ' ಎಂಬ ನಮ್ಮ ವಾಕ್ಯವನ್ನು ತೋರಿಸಿ. 'ಇದ್ದ' ಬಂದಾಗ ನಮ್ಮ ವೈದ್ಯನೂ 'ವೈದ್ಯನಾಗಿ' ಎಂದು ರೂಪ ಬದಲಿಸುತ್ತಾನೆ. ಎರಡೂ ಒಂದೇ ನಿಯಮವಲ್ಲ, ಆದರೆ ಹೊಸದನ್ನು ಹಿಡಿಯಲು ಕೈಗೆ ಆಧಾರ ಸಿಗುತ್ತದೆ. ಮನುಷ್ಯರಲ್ಲದ ಬಹುವಚನವನ್ನು ಅರಬ್ಬಿ ಸ್ತ್ರೀಲಿಂಗದ ಏಕವಚನದಂತೆ ನಡೆಸುತ್ತದೆ. ಕೇಳಿದರೆ ವಿಚಿತ್ರ. ಆದರೆ ಹುಡುಗರಿಗೆ 'ಬಂದರು', ಮರಗಳಿಗೆ 'ಬಿದ್ದವು' ಎನ್ನುವ ನಮಗೆ ಮನುಷ್ಯರನ್ನೂ ಉಳಿದವನ್ನೂ ವ್ಯಾಕರಣದಲ್ಲಿ ಬೇರೆಯಾಗಿ ಕಾಣುವುದು ಹೊಸದೇ?

ನಿಜವಾದ ಕಷ್ಟ ಪದಕೋಶದಲ್ಲಿದೆ. ಕೊಲ್ಲಿ ದೇಶದ ಆಸ್ಪತ್ರೆ, ಹೋಟೆಲುಗಳಲ್ಲಿ 'ಇಸ್ತಿಕ್ಬಾಲ್' ಎಂಬ ಫಲಕ ಇರುತ್ತದೆ, ಬಂದವರನ್ನು ಬರಮಾಡಿಕೊಳ್ಳುವ ಜಾಗಕ್ಕೆ. ಮೂಲಾಕ್ಷರಗಳ ಕ್ರಮದಲ್ಲಿರುವ ನಿಘಂಟಿನಲ್ಲಿ ಹೊಸಬ ಅದನ್ನು ಅಲಿಫ್ ಅಕ್ಷರದ ಕೆಳಗೆ ಹುಡುಕಿ ಸೋಲುತ್ತಾನೆ. ಅದು ಇರುವುದು ಕಾಫ್, ಬಾ, ಲಾಮ್ ಎಂಬ ಮೂರಕ್ಷರದ ಧಾತುವಿನಡಿ, ನಾವೂ ಬಳಸುವ 'ಕಬೂಲ್' ಇರುವಲ್ಲೇ. 'ಕಾಲ' (ಹೇಳಿದ) ಎಂಬ ಪುಟ್ಟ ಪದವನ್ನು ಕಾಫ್, ವಾವ್, ಲಾಮ್ ಅಡಿಯಲ್ಲಿ ಹುಡುಕಬೇಕು. ಆ ವಾವ್ ಪದದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ವ್ಯಾಕರಣ ಗೊತ್ತಿಲ್ಲದವನಿಗೆ ಈ ನಿಘಂಟು ಬಾಗಿಲು ತೆರೆಯುವುದಿಲ್ಲ. ವ್ಯಾಕರಣ ಒಂದು ತರಗತಿಯಲ್ಲಿ, ಪದಪಟ್ಟಿ ಇನ್ನೊಂದರಲ್ಲಿ ಎಂಬ ನಮ್ಮ ಏರ್ಪಾಡು ಈ ಭಾಷೆಗೆ ಒಗ್ಗುವುದೇ ಇಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಒಂದೇ ಧಾತುವಿನ ಪದಗಳನ್ನು ನೋಡಿ: 'ದರಸ' ಎಂದರೆ ಓದಿದ, 'ದರ್ರಸ' ಎಂದರೆ ಕಲಿಸಿದ, 'ದರ್ಸ್' ಪಾಠ, 'ಮುದರ್ರಿಸ್' ಶಿಕ್ಷಕ, 'ಮದರಸ' ಶಾಲೆ. 'ಮದರಸ'ದ ಅಚ್ಚಿನಲ್ಲೇ 'ಮಹ್ಕಮ' ನ್ಯಾಯಾಲಯವಾಗುತ್ತದೆ, 'ಮಕ್ಬರ' ಗೋರಿಯ ಸ್ಥಳವಾಗುತ್ತದೆ. ಸರ್ಫ್, ಅಂದರೆ ಪದರಚನೆಯ ಶಾಸ್ತ್ರ, ನಹ್ವ್ ಎಂಬ ವಾಕ್ಯಶಾಸ್ತ್ರದ ನೆರಳಿನಲ್ಲಿ ಬಾಡಬಾರದು.

ಕಂಠಪಾಠವನ್ನು ನಾನು ಹಳಿಯುವುದಿಲ್ಲ. ಸ್ಪೇನಿನ ಕಡೆಯ ಅಂದಲೂಸಿನಲ್ಲಿ ಹುಟ್ಟಿ 1274ರಲ್ಲಿ ದಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ಮಾಲಿಕ್ ಅರಬ್ಬಿ ವ್ಯಾಕರಣವನ್ನು ಸುಮಾರು ಸಾವಿರ ಪದ್ಯಗಳಲ್ಲಿ ಹೇಳಿದ. ಅದೇ ಶತಮಾನದಲ್ಲಿ ನಮ್ಮ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಕಂದಪದ್ಯಗಳಲ್ಲಿ ಬರೆದು, ತಾನೇ ವೃತ್ತಿಯನ್ನೂ ಜೋಡಿಸಿ, ಹಿಂದಿನ ಕವಿಗಳ ಪ್ರಯೋಗಗಳನ್ನು ಸಾಕ್ಷಿಗೆ ಕರೆದ. ಇಬ್ನ್ ಮಾಲಿಕನ ಪದ್ಯಗಳಿಗೂ ಇಬ್ನ್ ಅಕೀಲನಂಥವರ ವ್ಯಾಖ್ಯಾನ ಒದಗಿತು. ಪದ್ಯ ನೆನಪಿಗೆ, ವ್ಯಾಖ್ಯಾನ ತಿಳಿವಳಿಕೆಗೆ, ಕಾವ್ಯದ ಸಾಲು ಬಳಕೆಗೆ. ನಮ್ಮ ತರಗತಿಗಳಲ್ಲಿ ಮೊದಲನೆಯದಷ್ಟೇ ಉಳಿದಿರುವೆಡೆ ಉಳಿದೆರಡನ್ನು ಮರಳಿ ತರಬೇಕು.

ಕೊಲ್ಲಿಯಲ್ಲಿ ದುಡಿದು ಬಂದ ನಮ್ಮ ಕರಾವಳಿಯವರ ಅರಬ್ಬಿಯನ್ನು 'ಬಜಾರಿನ ಭಾಷೆ' ಎಂದು ತಳ್ಳಿಹಾಕುವವರಿದ್ದಾರೆ. ಅದು ನನಗೆ ನೋವು ತರುತ್ತದೆ. ದುಡಿದು ಬಂದವರು ವಿಭಕ್ತಿಯ ಕೊನೆಗಳನ್ನು ಬಿಡುತ್ತಾರೆ, 'ಕಾಲ'ವನ್ನು 'ಗಾಲ್' ಎನ್ನುತ್ತಾರೆ; ಅಲ್ಲಿಯ ಅರಬರೇ ಹಾಗೆ ಮಾತಾಡುತ್ತಾರೆ. ಬಾಯಲ್ಲಿ ಆಗಲೇ ನೂರಾರು ಪದಗಳಿರುವ ಕಲಿಕಾರ್ಥಿ ಯಾವ ಅಧ್ಯಾಪಕನಿಗೂ ಭಾಗ್ಯವೇ.

ಸಂಕಿರಣದ ಗೋಷ್ಠಿಗಳಿಂದ ನಾನು ಬಯಸುವುದು ಕನ್ನಡದಲ್ಲಿ ಒಂದು ಪಠ್ಯದ ಕರಡು. ಅದರಲ್ಲಿ ಪ್ರತಿ ನಾಮಪದದ ಪಕ್ಕ ಬಹುವಚನ ಇರಲಿ, ಏಕೆಂದರೆ ಕಿತಾಬ್ 'ಕುತುಬ್' ಆಗುವುದನ್ನೂ ಕಲಮ್ 'ಅಕ್ಲಾಮ್' ಆಗುವುದನ್ನೂ ಕಲಿಕಾರ್ಥಿ ಮೊದಲೇ ಊಹಿಸಲಾರ. ಪ್ರತಿ ಪದಕ್ಕೂ ಧಾತು ಕೊಡಿ, ಮೊದಲ ತಿಂಗಳಿನಿಂದಲೇ ನಿಘಂಟು ಬಿಡಿಸುವ ಅಭ್ಯಾಸ ಇಡಿ. ವಾವ್, ಯಾ ಅಕ್ಷರಗಳು ಮರೆಯಾಗುವ ದುರ್ಬಲ ಧಾತುಗಳನ್ನು ಎಲ್ಲಿ, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದನ್ನು ವರ್ಷಗಟ್ಟಲೆ ಪಾಠ ಹೇಳಿದ ಉಸ್ತಾದರು ಮೊದಲ ಗೋಷ್ಠಿಯಲ್ಲೇ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.