ಅಂತರ್ಮುಖಿಗಳಿಗೆ ಒಂದಿಷ್ಟು ಏಕಾಂತ



ನಿಮ್ಮಲ್ಲಿ ಕೆಲವರು ಮಿತಭಾಷಿಗಳು. ತರಗತಿ, ಹಾಸ್ಟೆಲ್, ಸಮಾರಂಭಗಳ ಗದ್ದಲದಲ್ಲಿ ಬೇಗ ದಣಿದು ದೂರ ಸರಿಯುತ್ತೀರಿ. ಜನ ಅದನ್ನು ಅಹಂಕಾರವೆನ್ನುತ್ತಾರೆ. ನಾನೂ ಒಮ್ಮೆ ಅಂಥ ಶಿಷ್ಯನೊಬ್ಬನನ್ನು ಎಲ್ಲರೆದುರು ಗದರಿದ್ದೆ. ಆ ನೋವು ಇನ್ನೂ ಇದೆ.

ಪ್ರವಾದಿ ಮುಹಮ್ಮದ್(ಸ) ಮಕ್ಕಾದ ಬಳಿಯ ಹಿರಾ ಗುಹೆಯಲ್ಲಿ ಏಕಾಂತದಲ್ಲಿರುತ್ತಿದ್ದರು. ಕ್ರಿ.ಶ. 610ರಲ್ಲಿ 'ಓದು' ಎಂಬ ಮೊದಲ ಆದೇಶ ಬಂದದ್ದು ಅಲ್ಲಿಯೇ. ಆದರೆ ಅವರು ಗುಹೆಯಲ್ಲೇ ಉಳಿಯಲಿಲ್ಲ, ಜನರ ನಡುವೆ ಮರಳಿದರು.

ನೀವೂ ಝುಹರ್ ನಮಾಝಿನ ಬಳಿಕ ಮಸೀದಿಯಲ್ಲೋ ಮನೆಯಲ್ಲೋ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು ಸುಮ್ಮನೆ ಕುಳಿತುಕೊಳ್ಳಿ. ಅಸರ್ ಬಳಿಕ ಒಬ್ಬರೇ ಸ್ವಲ್ಪ ದೂರ ನಡೆಯಿರಿ. ಹಿರಿಯರೇ, ಆ ಹೊತ್ತಿನಲ್ಲಿ ಮಕ್ಕಳನ್ನು ಕೆಣಕಬೇಡಿ.

ಮಕ್ಕಳೇ, ಚೈತನ್ಯ ತುಂಬಿಕೊಂಡು ಮರಳಿ ಬನ್ನಿ; ಸಮುದಾಯಕ್ಕೆ ನಿಮ್ಮ ಅಗತ್ಯವಿದೆ.