ಬೆಳಗಿನ ಹಾಲಿಗೂ ಸಂಜೆ ಹಾಲಿಗೂ ನಡುವೆ ಒಂದು ಪ್ರವಾಸ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘದ ಕಟ್ಟಡ, ಹಾಲಿನ ಲೆಕ್ಕ, ಬೋನಸ್ಸು ಇವೆಲ್ಲದರ ಬಗ್ಗೆ ಅಧ್ಯಕ್ಷರು ಈಗಾಗಲೇ ವಿವರವಾಗಿ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಸದಸ್ಯರ ಒಂದು ದಿನದ ಪ್ರವಾಸ. ಇದೇನು ದೊಡ್ಡ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಹೋದ ಸರ್ವಸದಸ್ಯರ ಸಭೆಯಲ್ಲಿ ಇದೇ ವಿಷಯಕ್ಕೆ ಮುಕ್ಕಾಲು ಗಂಟೆ ಗಲಾಟೆ ಆಯಿತು ಅನ್ನೋದನ್ನು ಮಾತ್ರ ಜ್ಞಾಪಿಸುತ್ತೇವೆ.

ನಮ್ಮ ಕಡೆ ಪ್ರವಾಸ ಅಂದರೆ ಮೂರು ದಿನ, ನಾಲ್ಕು ದಿನ. ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಹೊರನಾಡು ಅಂತ ಒಂದೇ ಉಸಿರಿಗೆ ಹೋಗಿ ಬರೋದು. ಹರಕೆ ಇದ್ದವರು ಹೋಗಲೇಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಮೂರು ದಿನ ಹಸು ಕರೆಯೋರು ಯಾರು? ಹಸುವಿಗೆ ಕೈ ಗುರುತಿರುತ್ತದೆ. ಕೈ ಬದಲಾದರೆ ಸೊರ ಬಿಡೋದಿಲ್ಲ, ಕೆಲವು ಒದ್ದೂ ಬಿಡುತ್ತವೆ. ಹಾಗಾಗಿ ಈ ಪ್ರವಾಸಗಳಿಗೆ ಹೋಗೋರು ಗಂಡಸರು, ಮನೆಯಲ್ಲಿ ಉಳಿಯೋರು ಹೆಂಗಸರು. ಸಂಘಕ್ಕೆ ದಿನಕ್ಕೆ ಎರಡು ಹೊತ್ತು ಕ್ಯಾನು ಹೊತ್ತು ತರುವವರಲ್ಲಿ ಎಷ್ಟೋ ಜನ ತವರುಮನೆ, ಆಸ್ಪತ್ರೆ, ಮದುವೆ ಮನೆ ಬಿಟ್ಟು ಬೇರೆ ಊರು ಕಂಡಿಲ್ಲ. ಗಂಟೆ ಪ್ರಯಾಣದ ಸೋಮನಾಥಪುರವನ್ನೂ ಕಂಡಿಲ್ಲ.

ಅದಕ್ಕೇ ಆಡಳಿತ ಮಂಡಳಿ ಒಂದು ಲೆಕ್ಕ ಹಾಕಿತು. ಬೆಳಿಗ್ಗೆ ಏಳಕ್ಕೆ ಹಾಲು ಹಾಕಿ ಬಸ್ಸು ಹತ್ತೋದು, ಸಂಜೆ ಐದಕ್ಕೆ ಊರು ಸೇರೋದು. ಈ ಹತ್ತು ಗಂಟೆಯೊಳಗೆ ಏನು ನೋಡಲಾಗುತ್ತದೋ ಅಷ್ಟೇ ನೋಡೋದು. ಬಸ್ಸಿನ ಬಾಡಿಗೆ ಅರ್ಧ ಸಂಘದ್ದು, ಅರ್ಧ ಹೋಗುವವರದ್ದು. ಜೊತೆಗೆ ಒಬ್ಬ ಗೈಡು. ಗಲಾಟೆ ಆದದ್ದು ಬಸ್ಸಿಗಲ್ಲ, ಈ ಗೈಡಿಗೆ. "ಕಲ್ಲು ನೋಡಕ್ಕೆ ಕಣ್ಣು ಸಾಕು, ಅದಕ್ಕೊಬ್ಬನಿಗೆ ಕೂಲಿ ಯಾಕೆ?" ಅಂತ ಹಿರಿಯರೊಬ್ಬರು ಎದ್ದು ನಿಂತರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದೇ ಈ ಹೊತ್ತಿನ ನಮ್ಮ ಕೆಲಸ.

ಮೊದಲನೇ ಸಲ ಹೋದದ್ದು ಸೋಮನಾಥಪುರಕ್ಕೆ. ನಾವು ಇಳಿಯುವಾಗಲೇ ಒಂದು ವ್ಯಾನು ಬಂದು ನಿಂತಿತ್ತು. ಅವರು ಗೈಡು ಬೇಡ ಅಂದರು, ಒಂದು ಸುತ್ತು ಹಾಕಿದರು, ಫೋಟೋ ತೆಗೆಸಿಕೊಂಡರು, ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟರು. ಹೆಚ್ಚೆಂದರೆ ಇಪ್ಪತ್ತು ನಿಮಿಷ. ನಮ್ಮವರು ಎರಡು ಗಂಟೆ ಅಲ್ಲಿಂದ ಅಲ್ಲಾಡಲಿಲ್ಲ.

ಅಲ್ಲಿನ ಕೇಶವ ದೇವಾಲಯ ಕಟ್ಟಿದ್ದು 1258ರಲ್ಲಿ, ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ. ಕಟ್ಟಿಸಿದವನು ರಾಜ ಅಲ್ಲ, ಅವನ ದಂಡನಾಯಕ ಸೋಮನಾಥ. ಊರಿಗೂ ಅವನದೇ ಹೆಸರು. ಗರ್ಭಗುಡಿ ಮೂರು, ಕೇಶವ, ಜನಾರ್ದನ, ವೇಣುಗೋಪಾಲ. ಕೇಶವನ ಮೂಲ ಮೂರ್ತಿ ಈಗಿಲ್ಲ. ಪೂಜೆಯೂ ನಡೆಯೋದಿಲ್ಲ. ಇದು ಗೊತ್ತಿಲ್ಲದೆ ನಮ್ಮ ತಾಯಂದಿರು ಹಣ್ಣುಕಾಯಿ ತಂದಿದ್ದರು. ಕಾಯಿ ಒಡೆಯಬಾರದು ಅಂತ ಕಾವಲಿನವರು ಹೇಳಿದಾಗ ಮುಖ ಸಪ್ಪಗೆ ಮಾಡಿಕೊಂಡರು. ಆ ಕಾಯಿಗಳು ಮಧ್ಯಾಹ್ನ ಬಸ್ಸಿನ ಹತ್ತಿರ ಚಟ್ನಿ ಆದವು, ಅದು ಬೇರೆ ಮಾತು.

ಗೈಡು ಮೊದಲು ನೆಲದಿಂದ ಶುರು ಮಾಡಿದರು. ಗೋಡೆ ಕೆಳಗೆ ಸಾಲು ಸಾಲಾಗಿ ಪಟ್ಟಿಗಳಿವೆ. ಅಡಿಯಲ್ಲಿ ಆನೆ, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಆಮೇಲೆ ಪುರಾಣದ ಕಥೆ, ಮಕರ, ಹಂಸ. ಭಾರ ಹೊರುವ ಆನೆ ಕೆಳಗೆ, ಹಗುರಾದ ಹಂಸ ಮೇಲೆ. ಯಾರೂ ಹೇಳದಿದ್ದರೆ ನಮ್ಮ ಕಣ್ಣಿಗೆ ಬರೀ ಸಣ್ಣ ಕೆತ್ತನೆ, ಅಷ್ಟೇ. ಆಮೇಲೆ ಒಂದು ಮೂರ್ತಿಯ ಪೀಠದಲ್ಲಿ ಸಣ್ಣ ಅಕ್ಷರ ತೋರಿಸಿದರು. ಕೆತ್ತಿದವನ ಹೆಸರು, ಹಳೇ ಕನ್ನಡದ ಲಿಪಿಯಲ್ಲಿ. ಮಲ್ಲಿತಮ್ಮ ಅಂತ. "ಹೆಂಗಸಾ ಸ್ವಾಮಿ?" ಅಂತ ನಮ್ಮ ಒಬ್ಬ ಅಕ್ಕ ಕೇಳಿಯೇಬಿಟ್ಟರು. ಅಲ್ಲ ಕಣಮ್ಮ, ಗಂಡಸು, ತಮ್ಮ ಅಂತ ಹೆಸರು ಅಂದರು. ಆದರೂ ಆವಮ್ಮ ಬಿಡಲಿಲ್ಲ. ಹೆಸರು ಯಾಕೆ ಹಾಕಿದ, ಕೂಲಿ ಲೆಕ್ಕಕ್ಕಾ, ಹೆಮ್ಮೆಗಾ ಅಂತ ಎರಡನೇ ಪ್ರಶ್ನೆ. ಗೈಡು ನಕ್ಕು, ಎರಡಕ್ಕೂ ಇರಬಹುದು ಅಂದರು. ಒಂದೇ ಮೂರ್ತಿಯಲ್ಲ, ಹತ್ತಾರು ಮೂರ್ತಿಗಳಲ್ಲಿ ಈ ಮಲ್ಲಿತಮ್ಮನ ಹೆಸರಿದೆ, ಬೇರೆ ಶಿಲ್ಪಿಗಳ ಹೆಸರೂ ಇವೆ. ಸಂಘದ ಪುಸ್ತಕದಲ್ಲಿ ಹಾಲು ಹಾಕಿದವರ ಹೆಸರು ಬರೆದುಕೊಂಡ ಹಾಗೆ.

ಬಾಗಿಲಲ್ಲೇ ಒಂದು ದೊಡ್ಡ ಶಾಸನದ ಕಲ್ಲು ನಿಂತಿದೆ. ಅಗ್ರಹಾರ ಮಾಡಿದ್ದು, ದೇವಸ್ಥಾನದ ಖರ್ಚಿಗೆ ಬಿಟ್ಟ ದತ್ತಿ, ಇಂಥಾ ವಿವರಗಳು ಅದರಲ್ಲಿವೆ. ನಮ್ಮ ಕಾರ್ಯದರ್ಶಿಗಳು ಅದರ ಮುಂದೆ ಬಹಳ ಹೊತ್ತು ನಿಂತು, "ಏಳು ನೂರೈವತ್ತು ವರ್ಷ ಕಳೆದರೂ ತಿದ್ದಕ್ಕಾಗದ ಜಮಾಖರ್ಚು ಇದು" ಅಂದರು. ಆಡಿಟ್ ಮುಗಿದು ಒಂದು ವಾರ ಆಗಿತ್ತು, ಅದರ ಬಿಸಿ ಇರಬಹುದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆಗೆ ಈ ಗುಡಿಯೂ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಪ್ರಪಂಚದ ಜನ ವಿಮಾನದಲ್ಲಿ ಬಂದು ನೋಡುವಂಥಾದ್ದು ನಮ್ಮ ಹಾಲಿನ ಲಾರಿ ಓಡಾಡುವಷ್ಟು ದೂರದಲ್ಲಿದೆ.

ಎರಡನೇ ಸಲ ಶ್ರೀರಂಗಪಟ್ಟಣ, ಕನ್ನಂಬಾಡಿ. ಶ್ರೀರಂಗಪಟ್ಟಣದಲ್ಲಿ ನೋಡಬೇಕಾದ್ದು ಹತ್ತಿಪ್ಪತ್ತಿದೆ. ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ ಒಂದನ್ನೇ ನಿಧಾನವಾಗಿ ನೋಡೋಣ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು, ತೋಟದ ನಡುವೆ ಇದೆ. ಗೋಡೆ ತುಂಬ ಚಿತ್ರ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಇಂಗ್ಲಿಷರ ದಂಡನ್ನು ಸೋಲಿಸಿದ್ದನ್ನು ಒಂದಿಡೀ ಗೋಡೆಗೆ ಬರೆಸಿದ್ದಾರೆ. ಗೈಡು ಅದನ್ನು ಚೆನ್ನಾಗಿಯೇ ಹೇಳಿದರು. ಆದರೆ ನಮ್ಮ ಜೊತೆ ಬಂದಿದ್ದ ಪಶುವೈದ್ಯರು ಅಲ್ಲೊಂದು ಮಾತು ತೆಗೆದರು. ಅದು ನಮ್ಮವರಿಗೆ ಯುದ್ಧಕ್ಕಿಂತ ಹೆಚ್ಚು ಹಿಡಿಸಿತು.

ಇದೇ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಇತ್ತು. ಅರಮನೆಯ ದನಕರು, ಹಾಲು, ಬೆಣ್ಣೆ ನೋಡಿಕೊಳ್ಳುವ ಇಲಾಖೆ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟ. ಹಸು ಹಾಲಿಗೆ, ಎತ್ತು ತೋಪು ಎಳೆಯೋದಕ್ಕೆ, ದಂಡಿನ ಸಾಮಾನು ಹೊರೋದಕ್ಕೆ. ಇಂದಿಗೂ ಅಮೃತ್ ಮಹಲ್ ಅಂತ ಕರೆಯುವ ತಳಿಗೆ ಹೆಸರು ಬಂದದ್ದು ಅಲ್ಲಿಂದ. ನಮ್ಮ ಹಳ್ಳಿಕಾರ್ ದನಕ್ಕೂ ಅದಕ್ಕೂ ನಂಟಿದೆ. ಇದನ್ನು ಹೇಳಿದ ಮೇಲೆ ನಮ್ಮ ಹೆಂಗಸರು ಅರಮನೆ ಬಿಟ್ಟು, ದನದ ಕೊಟ್ಟಿಗೆ ಎಲ್ಲಿತ್ತು ತೋರಿಸಿ ಅಂತ ಗೈಡನ್ನು ಹಿಡಿದರು. ಪಾಪ, ಅವರನ್ನು ಈ ಪ್ರಶ್ನೆ ಯಾರೂ ಕೇಳಿರಲಿಕ್ಕಿಲ್ಲ. ಮುಂದಿನ ಸಲ ಓದಿಕೊಂಡು ಬರ್ತೀನಿ ಅಂದರು. ಒಳ್ಳೇ ಮನುಷ್ಯ.

ಅಲ್ಲಿಂದ ಕನ್ನಂಬಾಡಿ ಕಟ್ಟೆ. ಬೃಂದಾವನದ ದೀಪ ಹತ್ತೋದು ಕತ್ತಲಾದ ಮೇಲೆ. ಆ ಹೊತ್ತಿಗೆ ನಾವು ಕೆಚ್ಚಲು ತೊಳೆಯುತ್ತಿರಬೇಕು. ಆದ್ದರಿಂದ ದೀಪ, ಕಾರಂಜಿ ಕುಣಿತ ನಮ್ಮ ಪಾಲಿಗಿಲ್ಲ. ಹಗಲಲ್ಲಿ ತೋಟ ಏನು ಚೆಂದ ಅಂತ ಕೆಲವರು ಗೊಣಗಿದರು. ನಮಗೆ ಹಗಲೇ ಚೆಂದ ಕಂಡಿತು. ಕಟ್ಟೆ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ನಡುವೆ ನೀರಿನ ಕಾಲುವೆ. ಗದ್ದೆ ಬದುವಿನ ಮೇಲೆ ನೀರು ಕಟ್ಟಿ ಅಭ್ಯಾಸ ಇದ್ದವರಿಗೆ ಆ ಇಳಿಜಾರಿನ ಕೆಲಸ ಹಗಲಲ್ಲೇ ಅರ್ಥ ಆಗೋದು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ ಆದ ತೋಟ, ಕ್ರುಂಬಿಗಲ್ ಎಂಬ ಜರ್ಮನಿಯ ತೋಟಗಾರಿಕೆ ತಜ್ಞರ ಕೈಯಿದೆ ಅದರಲ್ಲಿ. ಕಾಶ್ಮೀರದ ಶಾಲಿಮಾರ್ ತೋಟ ಅದಕ್ಕೆ ಮಾದರಿ.

ಕಟ್ಟೆಯ ವಿಷಯ ನಿಮಗೆ ಹೇಳೋದೇನಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1911ರಲ್ಲಿ ಕೆಲಸ ಶುರು, ವಿಶ್ವೇಶ್ವರಯ್ಯನವರು ಆಗ ಮುಖ್ಯ ಎಂಜಿನಿಯರು. ಮುಗಿದದ್ದು 1932ರ ಹೊತ್ತಿಗೆ. ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಇಟ್ಟಿಗೆ ಪುಡಿ, ಸುಣ್ಣ. 124.80 ಅಡಿ ಅನ್ನೋ ಅಂಕಿ ನಮ್ಮ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ಆ ನೀರು ಹುಲಿಕೆರೆ ಸುರಂಗ ದಾಟಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದು ನಮ್ಮ ತೂಬಿಗೆ ಬೀಳುತ್ತದೆ. ನಮ್ಮ ಹಸಿಮೇವು ಅದರಿಂದ, ಹಾಲು ಮೇವಿನಿಂದ.

ಗೈಡು ಇದನ್ನೆಲ್ಲ ಹೇಳುತ್ತಿರುವಾಗ, ನಮ್ಮ ಸಂಘದ ಹಳೇ ಸದಸ್ಯೆ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು, "ಅದೆಲ್ಲಾ ಸರಿ, ಮುಳುಗಿದ ಊರು ಯಾವ ಕಡೆಗೆ?" ಅಂತ ಕೇಳಿದರು. ಅವರ ತಾಯಿಯ ಕಡೆಯವರು ಹಿನ್ನೀರಿನಲ್ಲಿ ಮನೆ ಕಳಕೊಂಡು ಎದ್ದು ಬಂದವರಂತೆ. ಇಪ್ಪತ್ತೈದು ವರ್ಷ ಜೊತೆಯಲ್ಲಿ ಹಾಲು ಹಾಕಿದವರಿಗೂ ಅದು ಗೊತ್ತಿರಲಿಲ್ಲ. ಆಮೇಲೆ ಮಾತಾಡಿದ್ದು ಅವರೇ, ಗೈಡು ಕೇಳಿಸಿಕೊಂಡರು. ಗಾಡಿಯಲ್ಲಿ ಬಾಗಿಲು, ತೊಲೆ, ಒರಳುಕಲ್ಲು ಹೇರಿಕೊಂಡು ಬಂದದ್ದು, ಹಸುಗಳು ಕಟ್ಟಿದ ಕಡೆ ನಿಲ್ಲದೆ ವಾರಗಟ್ಟಲೆ ಹಳೇ ಊರಿನ ದಿಕ್ಕಿಗೆ ಓಡುತ್ತಿದ್ದದ್ದು, ತಾಯಿ ಹೇಳುತ್ತಿದ್ದ ಹಾಗೇ ಹೇಳಿದರು. ಹಳೇ ಕನ್ನಂಬಾಡಿ ಊರೂ ಹಾಗೇ ಮುಳುಗಿದ್ದು, ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ನೀರು ಇಳಿದ ವರ್ಷ ಮಾತ್ರ ಕಾಣುತ್ತಿತ್ತು. ಈಚೆಗೆ ಅದರ ಕಲ್ಲುಗಳನ್ನು ಗುರುತು ಹಾಕಿ ಬಿಚ್ಚಿ ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಗೈಡು ಅಷ್ಟು ಹೇಳಿದ ಮೇಲೆ ಅಜ್ಜಿ, "ದೇವರಿಗೆ ಆಯ್ತು ಬಿಡಿ ಮನೆ" ಅಂದರು. ಯಾರೂ ನಗಲಿಲ್ಲ. ನಾಲೆ ನೀರು ಕುಡಿದು ಬೆಳೆದ ನಾವೆಲ್ಲ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಈಗ ಖರ್ಚಿನ ಮಾತು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಇರುವಾಗ ಬಾಡಿಗೆ ಬಸ್ಸು ಯಾಕೆ ಅಂತ ಒಂದು ಪ್ರಶ್ನೆ ಇದೆ. ಉಚಿತ ಬಸ್ಸಿನಲ್ಲಿ ಎರಡು ಕಡೆ ಇಳಿದು ಹತ್ತಿ, ಸೀಟಿಗೆ ಕಾದು, ಐದು ಗಂಟೆಗೆ ಕೊಟ್ಟಿಗೆ ಸೇರೋದು ಸಾಧ್ಯ ಇಲ್ಲ. ಸೇರದಿದ್ದರೆ ಮನೆಯವರು ಎರಡನೇ ಸಲ ಕಳಿಸೋದಿಲ್ಲ. ಸಂಘ ಕೊಡುವ ಅರ್ಧ ದುಡ್ಡು ಆ ಹೊತ್ತಿಗೆ ಕೊಡುವ ದುಡ್ಡು. ಗೈಡಿನ ಕೂಲಿಯನ್ನು ನಲವತ್ತೆಂಟು ಜನಕ್ಕೆ ಹಂಚಿದರೆ ತಲೆಗೆ ಬಂದದ್ದು ಒಂದು ಕಾಫಿಯ ದುಡ್ಡು. ಗೈಡಿಗೆ ಪ್ರವಾಸೋದ್ಯಮ ಇಲಾಖೆ ಗುರುತಿನ ಚೀಟಿ ಇದೆಯಾ ನೋಡಿ, ಕೂಲಿ ಮೊದಲೇ ಮಾತಾಡಬೇಕು. ನಾವು ರೈತರು, ನಿಧಾನವಾಗಿ ಹೇಳಿ, ಕಟ್ಟುಕಥೆ ಬೇಡ ಅಂತ ಮೊದಲೇ ಹೇಳಬೇಕು. ಒಂದು ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ಹಾಕಲೇಬಾರದು. ಪಟ್ಟಿಯಲ್ಲಿ ಏಳು ಊರು ಬರೆದು ಏಳನ್ನೂ ಬಸ್ಸಿನ ಕಿಟಕಿಯಿಂದ ತೋರಿಸುವ ಪ್ರವಾಸಗಳು ಬೇಕಾದಷ್ಟಿವೆ.

ಮೂರನೆಯದು ಬಸರಾಳು ಅಂತ ಇಟ್ಟುಕೊಂಡಿದ್ದೇವೆ. ನಮ್ಮ ಮಂಡ್ಯ ತಾಲ್ಲೂಕಿನದೇ ಊರು. ಅಲ್ಲಿನ ಮಲ್ಲಿಕಾರ್ಜುನ ಗುಡಿ 1234ರದ್ದು, ಸೋಮನಾಥಪುರಕ್ಕಿಂತ ಹಳೆಯದು, ಹರಿಹರ ದಣ್ಣಾಯಕ ಕಟ್ಟಿಸಿದ್ದು. ಅಲ್ಲಿ ಗೈಡುಗಳು ಕಾಯುತ್ತಾ ನಿಂತಿರೋದಿಲ್ಲ. ಆದ್ದರಿಂದ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟರನ್ನು ಕೇಳಿಕೊಂಡಿದ್ದೇವೆ, ಒಪ್ಪಿದ್ದಾರೆ. ಹೆಸರು ಬರೆಸುವವರು ಕಾರ್ಯದರ್ಶಿಗಳ ಹತ್ತಿರ ಬರೆಸಿ. ಮೊದಲ ಎರಡು ಸಲ ಬಾರದವರಿಗೆ ಮೊದಲು ಸೀಟು, ಅದರಲ್ಲೂ ಪುಸ್ತಕ ಗಂಡನ ಹೆಸರಲ್ಲಿದ್ದು ಹಾಲು ತಾವೇ ತರುವವರಿಗೆ ಮೊದಲು. ಇದಕ್ಕೆ ಯಾರ ತಕರಾರಿದ್ದರೂ ಇವತ್ತೇ, ಊಟಕ್ಕೆ ಮುಂಚೆ, ಇಲ್ಲೇ ಹೇಳಿಬಿಡಿ. ಬಸ್ಸಿಗೆ ಮುಂಗಡ ಸೋಮವಾರ ಕಟ್ಟಬೇಕು.