ಬೇಲಿ ಇಲ್ಲದ ಬಯಲು, ಕಟ್ಟಳೆ ಬಿಡದ ಊರು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸುದಿನ ನನಗೂ ಎರಡು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ನಾನು ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವನು, ಭಾಷಣಕಾರನಲ್ಲ. ಓದಿ ತಿಳಿದ ಒಂದು ಊರಿನ ಸಂಗತಿ ಹೇಳುತ್ತೇನೆ. ಊರು ಇಂಗ್ಲೆಂಡಿನದು. ಆದರೆ ಅಲ್ಲಿಯವರೂ ನಮ್ಮ ಹಾಗೆ ಮಣ್ಣು ನಂಬಿದವರೇ.

ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಲ್ಯಾಕ್ಸ್‌ಟನ್ ಅಂತ ಒಂದು ಸಣ್ಣ ಹಳ್ಳಿ. ಜಿಗುಟು ಮಣ್ಣು. ಊರಿನ ಸುತ್ತ ಮೂರು ದೊಡ್ಡ ಬಯಲು: ಪಶ್ಚಿಮದ ಬಯಲು, ದಕ್ಷಿಣದ ಬಯಲು, ಗಿರಣಿ ಬಯಲು. ಹೊಲ ಹೊಲದ ನಡುವೆ ಬೇಲಿ ಇಲ್ಲ. ಒಬ್ಬೊಬ್ಬ ರೈತನಿಗೂ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟೆ. ಒಳ್ಳೇ ನೆಲವೂ ಸಾಧಾರಣ ನೆಲವೂ ಎಲ್ಲರ ಪಾಲಿಗೂ ಬಂತು. ಬಯಲಿಗೆ ಒಂದು ವರ್ಷ ಗೋಧಿ, ಮರುವರ್ಷ ವಸಂತದ ಬಿತ್ತನೆ, ಮೂರನೇ ವರ್ಷ ಬೀಳು. ನನ್ನ ಹೊಲ, ನನ್ನಿಷ್ಟ ಅನ್ನೋ ಹಾಗಿಲ್ಲ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬಾತ ಇದೆಲ್ಲವನ್ನೂ ಅಳೆದು ನಕ್ಷೆ ಬರೆದ. ಅದು ಈಗಲೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಇದನ್ನು ಕಾಯುವವರು ಯಾರು? ಪೊಲೀಸರಲ್ಲ, ಊರಿನವರೇ. ಅವರದೊಂದು ಪಂಚಾಯ್ತಿ ಇದೆ, ಕೋರ್ಟ್ ಲೀಟ್ ಅಂತ ಹೆಸರು. ಪ್ರತಿ ವರ್ಷ ನವೆಂಬರ್ ಕೊನೆಯ ಸುಮಾರಿಗೆ ಪಂಚರು ಗೋಧಿ ಬಿತ್ತಿದ ಬಯಲನ್ನು ನಡೆದೇ ನೋಡುತ್ತಾರೆ. ಎಲ್ಲೆ ಗುರುತಿಗೆ ಗೂಟ ಹೊಡೆಯುತ್ತಾರೆ. ಯಾರಾದರೂ ದಾರಿಯನ್ನೋ ಹುಲ್ಲಿನ ತಗ್ಗನ್ನೋ ಒತ್ತಿ ಉತ್ತಿದ್ದರೆ ಬರೆದುಕೊಳ್ಳುತ್ತಾರೆ. ಆಮೇಲೆ ಊರಿನ ಡವ್‌ಕೋಟ್ ಇನ್ ಎಂಬ ಪಾನಗೃಹದಲ್ಲಿ ಸಭೆ ಸೇರಿ ದಂಡ ಹಾಕುತ್ತಾರೆ. ದಂಡ ಸಣ್ಣದು. ಆದರೆ ಹತ್ತು ಜನರ ಎದುರು ಹೆಸರು ಕರೆಸಿಕೊಳ್ಳೋದು ಸಣ್ಣದೇ? ಆ ತಗ್ಗುಗಳ ಹುಲ್ಲನ್ನೂ ವರ್ಷ ವರ್ಷ ಹರಾಜು ಹಾಕುತ್ತಾರೆ.

ಹಿಂದೆ ಇಂಗ್ಲೆಂಡಿನ ಎಷ್ಟೋ ಊರುಗಳ ಬೇಸಾಯ ಹೀಗೇ ಇತ್ತು. 1604ರಿಂದ 1914ರವರೆಗೆ ಅಲ್ಲಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯಿದೆ ಮಾಡಿ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಇಳುವರಿ ಹೆಚ್ಚಿತು ಅನ್ನೋರಿದ್ದಾರೆ. ಆದರೆ ಒಂದು ಹಸು, ನಾಲ್ಕು ಕುರಿ ಕಟ್ಟಿಕೊಂಡಿದ್ದ ಬಡವನಿಗೆ ಮೇಯಿಸಲು ಜಾಗ ಹೋಯಿತು. ಅವನು ಕೂಲಿಯಾದ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಲ್ಯಾಕ್ಸ್‌ಟನ್ ಉಳಿಯಿತು. ಅಲ್ಲೂ ಎಲ್ಲ ಹಾಗೇ ಇದೆ ಅಂತ ಹೇಳಲಾರೆ. ಪಟ್ಟೆಗಳನ್ನು ಕೂಡಿಸಿ ದೊಡ್ಡದು ಮಾಡಿದ್ದಾರೆ, ಟ್ರ್ಯಾಕ್ಟರ್ ಬಂದಿದೆ, ರೈತರ ಸಂಖ್ಯೆ ಇಳಿದಿದೆ. ರೈತರು ಗೇಣಿದಾರರು. ಜಮೀನು 1952ರಲ್ಲಿ ಮ್ಯಾನ್ವರ್ಸ್ ಮನೆತನದಿಂದ ಸರ್ಕಾರದ ಕೃಷಿ ಇಲಾಖೆಗೆ, 1981ರಲ್ಲಿ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ತೋರ್ಸ್‌ಬಿ ಎಸ್ಟೇಟಿಗೆ ಹೋಯಿತು. ಒಡೆಯರು ಬದಲಾದರೂ ಪಂಚರು ಹೊಲ ನೋಡುವುದು ನಿಲ್ಲಲಿಲ್ಲ.

ಬಂಧುಗಳೇ, ನಮ್ಮಲ್ಲಿ ಒಂದು ಮೊಳ ಬದುವಿಗೆ ಅಣ್ಣ ತಮ್ಮಂದಿರು ಕೋರ್ಟಿಗೆ ಅಲೆಯುತ್ತಿದ್ದೇವೆ. ಗಾಡಿ ದಾರಿ ವರ್ಷಕ್ಕೊಂದು ಸಾಲು ಕಿರಿದಾಗುತ್ತಿದೆ. ಗೋಮಾಳದ ಕಥೆ ನಿಮಗೇ ಗೊತ್ತು. ಸರ್ವೆಯವರು ಬಂದು ಕಲ್ಲು ನೆಡಬಹುದು, ಕಲ್ಲನ್ನು ಕಾಯುವವರು ನಾವೇ.

ನಮ್ಮ ನಾಡಿಗೂ ಇದು ಹೊಸದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಬಂಡವಾಳಕ್ಕಿಂತ ಮೊದಲು ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಂಬಿಕೆ ಬೇಕಾಗಿತ್ತು. ಇಂದೂ ಅಷ್ಟೆ. ಸಾಲ ಪಡೆದವರು ವಾಯಿದೆಗೆ ಕಟ್ಟಬೇಕು, ಲೆಕ್ಕವನ್ನು ಸದಸ್ಯರು ಕೇಳಬೇಕು, ನಿರ್ದೇಶಕರಾದ ನಾವು ಬೇಸರವಿಲ್ಲದೆ ತೋರಿಸಬೇಕು. ವರ್ಷಕ್ಕೊಂದು ದಿನ ಎಲ್ಲರೂ ಸೇರಿ ಊರಿನ ದಾರಿ, ಕಾಲುವೆ, ಗೋಮಾಳ ನಡೆದು ನೋಡೋಣ ಎಂದು ಈ ಸಭೆಯಲ್ಲಿ ಸೂಚಿಸುತ್ತೇನೆ. ತಾವು ಕೈ ಎತ್ತಿದರೆ ಮುಂದಿನ ಸುಗ್ಗಿ ಮುಗಿದ ಮೇಲೆ ಶುರು ಮಾಡೋಣ.

 ಜೈ ಸಹಕಾರ, ಜೈ ಕರ್ನಾಟಕ.